ಬಂಡಳ್ಳಿ ಬಯಲಿನ ಹುರುಳಿ ಮತ್ತು ಮೂರು ಹಳೆಯ ವಿಮಾನಗಳು

ಮೈಸೂರಿನಿಂದ ಹೊರಡುವಾಗ ನಾನು ವಿರೋಧ ಪಕ್ಷದಲ್ಲಿದ್ದೆ. ಪ್ರಯಾಣಕ್ಕೆ ನನ್ನ ವಿರೋಧವಿರಲಿಲ್ಲ, ಅದರ ಉದ್ದೇಶಕ್ಕೆ ಇತ್ತು. ನನ್ನ ಸೋದರಮಾವ ನಾಗರಾಜು ಹನೂರು ತಾಲ್ಲೂಕಿನ ಬಂಡಳ್ಳಿಯವರು. ವಿಮಾನ ಚಾಲನೆ ಕಲಿಸುವ ಶಾಲೆಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಜನವರಿಯ ಒಂದು ಭಾನುವಾರ ತಮ್ಮ ಊರ ಬಯಲಿಗೆ ಹಳೆಯ ಕಾಲದ ಪುಟ್ಟ ವಿಮಾನಗಳನ್ನು ಕರೆಸಿ, ಅವುಗಳ ಮೇಲೆ ಪ್ರಾಣ ಇಟ್ಟುಕೊಂಡವರನ್ನೆಲ್ಲ ಸೇರಿಸಿ ಊಟ ಹಾಕುತ್ತೇನೆ ಎಂದು ಅವರು ಫೋನಿನಲ್ಲಿ ಹೇಳಿದಾಗ ನಾನು ಮೂರು ಪ್ರಶ್ನೆ ಕೇಳಿದೆ. ವಿಮಾನ ಇಳಿಯುವುದು ಎಲ್ಲಿ? ಅನುಮತಿ ಕೊಟ್ಟವರು ಯಾರು? ಅಷ್ಟು ದೂರ ಹಾರಿ ಬಂದು ಮುದ್ದೆ ತಿಂದು ಹೋಗುವ ಹುಚ್ಚು ಯಾರಿಗಿದೆ? ಮೊದಲೆರಡಕ್ಕೆ ಸಮಾಧಾನವಾಗಿ ಉತ್ತರ ಕೊಟ್ಟರು. ಮೂರನೆಯದಕ್ಕೆ, "ನೀನೇ ಬಂದು ನೋಡು ಚೈತ್ರಾ. ಬರೋವಾಗ ಯಳಂದೂರಲ್ಲಿ ಗಾಳಿಚೀಲ ಇಸ್ಕಂಡು ಬಾ," ಎಂದು ಫೋನ್ ಇಟ್ಟರು.

ಕಾನೂನು ಕಾಲೇಜಿನ ಚರ್ಚಾ ತಂಡದಲ್ಲಿ ನಾನು ಕಲಿತ ಮೊದಲ ಪಾಠವೆಂದರೆ, ಎದುರಾಳಿ ಪ್ರಶ್ನೆಯಿಂದ ನುಣುಚಿಕೊಂಡರೆ ಅಂಕ ನಮ್ಮದು. ಆ ಅಂಕವನ್ನು ಕೈಯಲ್ಲಿ ಹಿಡಿದುಕೊಂಡು ಶನಿವಾರ ಬೆಳಿಗ್ಗೆ ಸರ್ಕಾರಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಾದ್ದರಿಂದ ವಾದದಲ್ಲಿ ಸೋತರೂ ನಷ್ಟವಿಲ್ಲದ ಪ್ರಯಾಣ. ಟಿ. ನರಸೀಪುರ ದಾಟಿ, ಮೂಗೂರು, ಸಂತೆಮರಹಳ್ಳಿ ಮುಗಿಸಿ ಯಳಂದೂರಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಆದರೆ ಗಾಳಿ ಮಾತ್ರ ಎಲ್ಲಿಯೂ ಇರಲಿಲ್ಲ. ರಸ್ತೆಯ ಬದಿಯ ತೆಂಗಿನ ಗರಿಗಳು ಚಿತ್ರ ಬರೆದಂತೆ ನಿಂತಿದ್ದವು.

ಯಳಂದೂರಿನಲ್ಲಿ ಶಾಮಿಯಾನ ಹೊಲಿಯುವ ರಾಚಯ್ಯ ಎಂಬವರ ಅಂಗಡಿ ಬಸ್ ನಿಲ್ದಾಣಕ್ಕೆ ಹತ್ತಿರ. ಗಾಳಿಚೀಲವೆಂದರೆ ಎರಡೂ ಕಡೆ ಬಾಯಿ ಬಿಟ್ಟ ಉದ್ದನೆಯ ಬಟ್ಟೆಯ ಕೊಳವೆ. ಕಂಬದ ತುದಿಗೆ ಕಟ್ಟಿದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮೇಲಿನಿಂದಲೇ ವಿಮಾನದವರಿಗೆ ಕಾಣುತ್ತದೆ. ರಾಚಯ್ಯ ಕಿತ್ತಳೆ ಬಣ್ಣದ ಆ ಕೊಳವೆಯನ್ನು ನನ್ನ ಮುಂದೆ ಹಾಸಿದರು.

"ನಲವತ್ ವರ್ಸದಿಂದ ಒಲೀತಾ ಇವ್ನಿ ಕಣವ್ವ. ಒಂದೇ ತೋಳಿನ್ ಅಂಗಿ ಇದೇ ಮೊದ್ಲು. ಯಾವ್ ರಾಕ್ಸಸನ್ಗೆ?"

"ವಿಮಾನದವ್ರಿಗಂತೆ ರಾಚಯ್ಯನವ್ರೇ."

"ಬಂಡಳ್ಳಿಗೆ ಇಮಾನ?" ಅವರು ಹೊಲಿಗೆ ಯಂತ್ರವನ್ನು ನಿಲ್ಲಿಸಿ ನಕ್ಕರು. "ನಮ್ಮೂರ್ಗೆ ಬಿಳಿಗಿರಿರಂಗನ ಬೆಟ್ಟದ್ ಬಸ್ಸೇ ಒತ್ಗೆ ಸರ್ಯಾಗ್ ಬರಲ್ಲ. ನಿಮ್ಮಾವ ಏನಾರ ಕುಡ್ದ್ಬುಟ್ಟು ಯೋಳ್ತಾವ್ರಾ?"

ನನ್ನ ಪಕ್ಷಕ್ಕೆ ಒಬ್ಬ ಸಾಕ್ಷಿ ಸಿಕ್ಕಂತಾಯಿತು. ಕೊಳವೆಯನ್ನು ಮಡಿಸಿ ಬಗಲಿಗೆ ಹಾಕಿಕೊಂಡು ಕೊಳ್ಳೇಗಾಲದ ಬಸ್ಸು ಹಿಡಿದೆ. ಅಲ್ಲಿ ನಿಲ್ದಾಣದ ಎದುರು ಇಡ್ಲಿ ತಿಂದೆ. ಇಡ್ಲಿ ಸಾಧಾರಣ, ಚಟ್ನಿ ಬಹಳ ಚೆನ್ನಾಗಿತ್ತು. ಕೊಳ್ಳೇಗಾಲದಿಂದ ಹನೂರಿಗೆ ಸುಮಾರು ಇಪ್ಪತ್ತೈದು ಕಿಲೋಮೀಟರ್. ಮಾದಪ್ಪನ ಬೆಟ್ಟಕ್ಕೆ ಹೋಗುವ ಭಕ್ತರಿಂದ ಬಸ್ಸು ತುಂಬಿತ್ತು. ರಸ್ತೆಯಲ್ಲಿ ಅಲ್ಲಲ್ಲಿ ಹುರುಳಿ ಗಿಡಗಳನ್ನು ದಪ್ಪಗೆ ಹಾಸಿದ್ದರು. ನಮ್ಮ ಬಸ್ಸು ಅದರ ಮೇಲೆ ಗರಗರ ಸದ್ದು ಮಾಡುತ್ತ ಹೋಯಿತು. ಕೊಯ್ಲಾದ ಹುರುಳಿಯನ್ನು ಟಾರು ರಸ್ತೆಗೆ ಹಾಸಿದರೆ ಹೋಗಿಬರುವ ಗಾಲಿಗಳೇ ಕಾಯಿ ಒಡೆದು ಕಾಳು ಉದುರಿಸುತ್ತವೆ. ಈ ಸೀಮೆಯಲ್ಲಿ ಒಕ್ಕಣೆಯ ಅರ್ಧ ಕೆಲಸ ಮಾಡುವವರು ಬಸ್ಸು ಲಾರಿಯ ಡ್ರೈವರುಗಳು. ನಮ್ಮ ಡ್ರೈವರು ಮಾತ್ರ ಪ್ರತಿ ರಾಶಿಗೂ ಒಂದೊಂದು ಬೈಗುಳ ಬೈಯುತ್ತ, ಒಂದನ್ನೂ ತಪ್ಪಿಸದೆ ಓಡಿಸಿದ.

ಪಕ್ಕದಲ್ಲಿ ಕುಳಿತಿದ್ದವರು ಒಡೆಯರಪಾಳ್ಯಕ್ಕೆ ಹೋಗುತ್ತಿದ್ದ ವಯಸ್ಸಾದ ಟಿಬೆಟನ್ ವ್ಯಾಪಾರಿ. ನನ್ನ ಬಗಲಿನ ಬಟ್ಟೆ ಏನೆಂದು ವಿಚಾರಿಸಿದರು. ವಿವರಿಸಿದೆ. ಮುಟ್ಟಿ ನೋಡಿ, "ಬಟ್ಟೆ ಒಳ್ಳೇದು. ಆದ್ರೆ ಈ ವಾರ ಗಾಳಿ ಇಲ್ಲಮ್ಮ. ನಮ್ ಮನೆ ಮೇಲಿನ್ ಪ್ರಾರ್ಥನೆ ಬಾವುಟಾನೂ ನಿದ್ದೆ ಮಾಡ್ತಾ ಇದೆ," ಎಂದರು. ಎರಡನೆಯ ಸಾಕ್ಷಿ.

ಹನೂರಿನಲ್ಲಿ ಇಳಿದು ಆಟೋ ಹಿಡಿದು ಬಂಡಳ್ಳಿ ತಲುಪಿದಾಗ ಮಾವ ಬಯಲಿನಲ್ಲೇ ಇದ್ದರು. ಯಾವುದೋ ಕಾಲದಲ್ಲಿ ಬೆಳೆಗೆ ಔಷಧಿ ಸಿಂಪಡಿಸುವ ವಿಮಾನಗಳಿಗೆಂದು ಮಾಡಿದ್ದ ಕೆಂಪು ಮಣ್ಣಿನ ಪಟ್ಟಿ ಅದು. ಪಂಚಾಯಿತಿಯ ಜಾಗ. ಮಾವ ನಿವೃತ್ತರಾದ ಮೇಲೆ ಅದರ ಮುಳ್ಳುಕಂಟಿ ಕಡಿದು, ಗುಂಡಿ ಮುಚ್ಚಿ, ರೋಲರ್ ಎಳೆಸಿ, ಬೆಟ್ಟದ ಸಾಲಿನ ಕಡೆಗೆ ಗೆರೆ ಎಳೆದಂತೆ ಮಾಡಿಟ್ಟಿದ್ದರು. ನಾನು ನಿರೀಕ್ಷಿಸಿದ್ದಕ್ಕಿಂತ ಅದು ಬಹಳ ಚೆನ್ನಾಗಿತ್ತು. ಹಾಗೆಂದು ಆಗ ಹೇಳಲಿಲ್ಲ.

"ಮಾವ, ನಾಳೆ ಯಾರೂ ಬರದೇ ಇದ್ರೆ?"

"ಬಯಲು ಹೋಗುತ್ತೆ," ಎಂದರು ಮಾವ.

ಆಗ ವಿಷಯ ಗೊತ್ತಾಯಿತು. ಆ ಬಯಲನ್ನು ಸೋಲಾರ್ ಹಲಗೆ ಹಾಕುವವರಿಗೆ ಬಾಡಿಗೆಗೆ ಕೊಡಬೇಕೆಂದು ಪಂಚಾಯಿತಿ ಸದಸ್ಯ ಮಾದೇಶಣ್ಣ ಪಟ್ಟು ಹಿಡಿದಿದ್ದರು. ಹಾಲಿನ ಡೈರಿಯ ಮುಂದೆ ಊರವರೆಲ್ಲ ಸೇರಿ ಮಾತಾಡಿದ್ದಾಗಿತ್ತು. ಭಾನುವಾರ ಮಧ್ಯಾಹ್ನದೊಳಗೆ ಒಂದು ವಿಮಾನವಾದರೂ ಇಳಿದರೆ ಬಯಲು ವಿಮಾನಕ್ಕೇ ಉಳಿಯಬೇಕು. ಇಳಿಯದಿದ್ದರೆ ಮಾವ ಮತ್ತೆ ಆ ಮಾತು ಎತ್ತಬಾರದು. ಮಾವ ಎಲ್ಲರ ಮುಂದೆ ಒಪ್ಪಿ ಬಂದಿದ್ದರು.

ಸಂಜೆ ಮಾದೇಶಣ್ಣನೇ ಬಂದರು. ಬಿಳಿ ಪಂಚೆ, ಬೈಕು, ಕಿವಿಯ ತನಕ ನಗು.

"ಏನ್ ನಾಗಣ್ಣೋ, ಗಾಳಿಪಟ ಆರ್ಸಾಕೆ ಮೈಸೂರಿಂದ ವಕೀಲ್ರನ್ನ ಕರ್ಸಿದ್ದೀಯಲ್ಲ!"

"ನನ್ ಸೊಸೆ ಕಣೋ. ಅವ್ಳೂ ನಿನ್ ಪಾರ್ಟೀನೇ. ಇಮಾನ ಬರಲ್ಲ ಅಂತಾಳೆ."

"ನೋಡ್ದಾ, ಓದಿರೋರ್ಗೆ ಗೊತ್ತಾಯ್ತದೆ," ಎಂದು ಮಾದೇಶಣ್ಣ ನನ್ನ ಕಡೆ ತಿರುಗಿದರು. "ಬರಲ್ಲ ಕಣವ್ವ. ಬರ್ಕೊಡ್ಲಾ? ಆಕಾಸದಲ್ಲಿ ಓಗೋವು ಈ ಮಣ್ಗೆ ಯಾಕ್ ಬತ್ತವೆ?"

ನನ್ನದೇ ವಾದ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದೆಷ್ಟು ಸೋಮಾರಿ ವಾದ ಎಂದು ಅನಿಸಿತು. ಬೆಂಬಲಿಗನನ್ನು ನೋಡಿ ಪಕ್ಷ ಬಿಡಬೇಕೆನಿಸುವುದು ಚರ್ಚೆಯಲ್ಲಿ ಅಪರೂಪವೇನಲ್ಲ. ಆದರೂ ರಾತ್ರಿ ಊಟಕ್ಕೆ ಕುಳಿತಾಗ ಮಾವನ ಮುಖ ನೋಡಿ, ವಾದ ಮುಂದುವರಿಸದೆ ಮುದ್ದೆ ಮುರಿದೆ.

ಬೆಳಿಗ್ಗೆ ಎದ್ದರೆ ಮಂಜು. ಕೈ ಚಾಚಿದರೆ ಬೆರಳು ಮಸುಕು. ವಿಮಾನಗಳು ಮಂಜು ಕರಗುವ ಹೊತ್ತು ನೋಡಿಕೊಂಡು ಒಂಬತ್ತರ ಮೇಲೆ ಬರುವುದೆಂದು ನಿಶ್ಚಯವಾಗಿತ್ತು. ಕಾರುಗಳಲ್ಲಿ ಬಂದ ವಿಮಾನಪ್ರಿಯರು ಆಗಲೇ ಪೆಂಡಾಲಿನ ಕೆಳಗೆ ಕಾಫಿ ಕುಡಿಯುತ್ತಿದ್ದರು. ಅವರಲ್ಲಿ ಒಬ್ಬರು ಹಳೆಯ ಎಂಜಿನ್ನುಗಳ ಸದ್ದನ್ನು ಬಾಯಲ್ಲೇ ಅನುಕರಿಸಿ ತೋರಿಸುತ್ತಿದ್ದರು. ಗಾಳಿಚೀಲ ಕಂಬದ ಮೇಲೆ ಒದ್ದೆ ಟವೆಲ್ಲಿನಂತೆ ಜೋತುಬಿದ್ದಿತ್ತು. ಮಾವ ರೇಡಿಯೊ ಹಿಡಿದು, ಬಾರದ ಗಾಳಿಯನ್ನೂ ಹೋಗದ ಮಂಜನ್ನೂ ಬೈಯುತ್ತ ತಿರುಗುತ್ತಿದ್ದರು.

ನಂತರ ಮಂಜು ಒಂದೇ ಸಲಕ್ಕೆ ಮೇಲೆದ್ದಿತು. ಬೆಟ್ಟ ಕಂಡಿತು, ಮರ ಕಂಡಿತು, ಪಟ್ಟಿ ಕಂಡಿತು. ಪಟ್ಟಿ ಕೆಂಪಗಿರಲಿಲ್ಲ.

ನಡುವಿನಿಂದ ಆ ಕಡೆಯ ತುದಿಯವರೆಗೆ ಮಂಡಿಯೆತ್ತರ ಹುರುಳಿ ಗಿಡ ಹಾಸಿತ್ತು. ಎತ್ತಿನ ಗಾಡಿಗಳು ಇನ್ನೂ ಬರುತ್ತಿದ್ದವು. ಹೆಂಗಸರು ಕವೆಗೋಲಿನಿಂದ ಗಿಡಗಳನ್ನು ಸಮವಾಗಿ ಹರಡುತ್ತಿದ್ದರು. ಅವರ ಮುಖದಲ್ಲಿ ಅತಿಥಿಗಳಿಗೆ ರಂಗೋಲಿ ಬಿಡುವವರ ಸಂಭ್ರಮ.

ಮಾವನ ಕೈಯಲ್ಲಿ ರೇಡಿಯೊ ಗೊರಗೊರ ಎಂದಿತು. ಕ್ಯಾಪ್ಟನ್ ಲೀಲಾ. ಮಾವನ ಶಾಲೆಯಲ್ಲಿ ಹಾರಾಟ ಕಲಿಸುತ್ತಿದ್ದ, ಈಗ ಎಪ್ಪತ್ತು ದಾಟಿದ ಹೆಂಗಸು. ಅವರದು ಒಂದರ ಮೇಲೊಂದು ರೆಕ್ಕೆಯ ಹಳದಿ ವಿಮಾನ. "ನಾಗರಾಜ್, ನಿಮ್ಮ ಬಯಲು ಕಾಣ್ತಾ ಇದೆ. ಅದರ ಮೇಲೆ ಕಂಬಳಿ ಯಾಕೆ ಹೊದಿಸಿದ್ದೀರಿ?"

ಮಾವ ಏನೋ ಹೇಳಿದರು. ಆಮೇಲೆ ನನಗೆ, "ಇಳಿಸಕ್ಕಾಗಲ್ಲ ಚೈತ್ರಾ. ಗಿಡ ಗಾಲಿಗೆ ಸುತ್ಕಂಡ್ರೆ ಮೂತಿ ನೆಲಕ್ಕೆ ಕುಟ್ಟುತ್ತೆ. ಸ್ವಲ್ಪ ಹೊತ್ತು ಸುತ್ತುತ್ತಾರೆ. ಪೆಟ್ರೋಲ್ ನೋಡ್ಕಂಡು ಮೈಸೂರಿಗೆ ತಿರುಗಿಸ್ತಾರೆ," ಎಂದರು. ಮೊದಲ ಸಲ ವಾದಕ್ಕೆ ನಿಲ್ಲದೆ ನಾನು ಪಟ್ಟಿಯ ಕಡೆ ಓಡಿದೆ.

ಹುರುಳಿಯ ಮೊದಲ ಸಾಲಿನಲ್ಲಿ ಸಿಕ್ಕವರು ಪುಟ್ಟಮಾದಮ್ಮ. ಸೊಂಟಕ್ಕೆ ಸೆರಗು ಸಿಗಿಸಿದ ಗಟ್ಟಿ ಮುದುಕಿ.

"ಅಜ್ಜಿ, ಇದನ್ನ ಇಲ್ಲಿ ಯಾಕ್ ಹಾಸಿದ್ರಿ?"

"ಒಕ್ಕಾಕೆ ಕಣ್ ಮಗ. ಗಾಲಿ ಓಡ್ತವಲ್ಲ."

"ವಿಮಾನ ಲಾರಿ ಅಲ್ಲ ಅಜ್ಜಿ!"

"ಲಾರಿಗಿಂತ ಜೋರಾಗ್ ಓಡ್ತದಂತಲ್ಲ. ಬಿರ್ನೆ ಮುಗೀತದೆ."

"ಒಂದೇ ಸಲ ಓಡೋದು."

"ಮೂರ್ ಬತ್ತವಂತೆ. ಬಂದೋವು ಓಗಲ್ವಾ? ಅವಾಗ್ಲೂ ಓಡ್ತವೆ."

ಲೆಕ್ಕ ಸರಿಯಾಗಿತ್ತು. ನಾನು ದೊಡ್ಡ ಬಾಣ ತೆಗೆದೆ. "ಅದರ ಫ್ಯಾನಿನ ಗಾಳಿಗೆ ನಿಮ್ಮ ಹುರುಳಿಯೆಲ್ಲ ಹಾರಿಹೋಗುತ್ತೆ!"

ಪುಟ್ಟಮಾದಮ್ಮನ ಮುಖ ಅರಳಿತು. "ಗಾಳೀನೂ ಕೊಡ್ತದಾ? ಎಂಟ್ ದಿನದಿಂದ ಗಾಳಿ ಇಲ್ದೆ ತೂರಕ್ಕಾಗ್ದೆ ರಾಸಿ ಅಲ್ಲೇ ಬಯ್ಲಂಚಲ್ಲಿ ಅಂಗೇ ಬಿದ್ದದೆ ಕಣೆ! ಲೇ ಸಿವಮ್ಮ, ಮೊರ ತಕಬಾ, ತೂರಾದೂ ಇಲ್ಲೇ ಆಯ್ತದಂತೆ!"

ಅಂತರ ಕಾಲೇಜು ಸ್ಪರ್ಧೆಗಳಲ್ಲಿ ನನ್ನ ವಾದವನ್ನು ಕತ್ತರಿಸಿದವರಿದ್ದಾರೆ. ಆದರೆ ಅದನ್ನೇ ಎತ್ತಿಕೊಂಡು ಮನೆಗೆ ಒಯ್ದವರು ಇವರೊಬ್ಬರೇ. ಮೇಲೆ ಎಂಜಿನ್ನಿನ ಸದ್ದು ಕೇಳತೊಡಗಿತು. ಹಳದಿ ವಿಮಾನ ಬೆಟ್ಟದ ಕಡೆಯಿಂದ ತಿರುಗಿ ನಮ್ಮ ತಲೆಯ ಮೇಲೆ ಬಂತು. ಅದರ ಹಿಂದೆ ಇನ್ನೆರಡು. ಜನ ಕೇಕೆ ಹಾಕಿದರು, ಯಾರೂ ಒಂದು ಗಿಡ ಎತ್ತಲಿಲ್ಲ.

ಅಷ್ಟರಲ್ಲಿ ಮಾದೇಶಣ್ಣ ಕಣ್ಣಿಗೆ ಬಿದ್ದರು. ನನ್ನ ತಲೆ ಬಿಸಿಯಾಯಿತು. ಗಾಡಿಯೊಂದರ ಪಕ್ಕ ನಿಂತಿದ್ದ ಅವರ ಬಳಿ ಹೋಗಿ, "ಇದು ನಿಮ್ದೇ ಕಿತಾಪತಿ ತಾನೆ? ವಿಮಾನ ಇಳಿಯಬಾರದು ಅಂತ ಜನಕ್ಕೆ ಹೇಳಿ ಹಾಕಿಸಿದ್ದೀರಿ," ಎಂದೆ.

"ಅಯ್ಯೋ ಮಾದಪ್ಪನಾಣೆ ಇಲ್ಲ ಕಣವ್ವ! ನಾನ್ಯಾರ್ಗೂ ಯೋಳಿಲ್ಲ. ನಾನೇ ನನ್ ಎರಡ್ ಗಾಡಿ..." ಎಂದವರು ತಟ್ಟನೆ ನಿಲ್ಲಿಸಿದರು.

ಅವರ ಪಕ್ಕದ ಗಾಡಿ ಅರ್ಧ ಖಾಲಿಯಾಗಿತ್ತು. ಪಂಚೆಯ ತುಂಬ ಹುರುಳಿ ಸಿಪ್ಪೆ. ಚರ್ಚೆಯಲ್ಲಿ ಇಂಥ ಕ್ಷಣ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಅದನ್ನು ಅವಸರದಲ್ಲಿ ಹಾಳು ಮಾಡಬಾರದು. ನಂತರ ಗಾಡಿಯ ಮುಂದಿನ ಮೂಕಿಮರದ ಮೇಲೆ ಹತ್ತಿ ನಿಂತು, ವೇದಿಕೆಯ ಮೇಲೆ ಮಾತಾಡುವ ದನಿಯಲ್ಲಿ ಕೂಗಿದೆ.

"ಎಲ್ಲರೂ ಕೇಳಿ! ವಿಮಾನ ಬರಲ್ಲ, ಬರ್ಕೊಡ್ತೀನಿ ಅಂತ ಮಾದೇಶಣ್ಣ ನಿನ್ನೆ ಹೇಳಿದ್ರು. ಇವತ್ತು ಬೆಳಿಗ್ಗೆ ಮಂಜಲ್ಲಿ ಎದ್ದು ಎರಡು ಗಾಡಿ ಹುರುಳಿ ತಂದು ಹಾಸಿದ್ದಾರೆ. ಬರಲ್ಲ ಅನ್ನೋ ವಿಮಾನದ ಗಾಲಿಗೆ ಹುರುಳಿ ಹಾಸೋರು ಯಾರು? ನಾಗರಾಜು ಮಾವನ ಮೇಲೆ ಇಡೀ ಊರಲ್ಲಿ ಅತಿ ಹೆಚ್ಚು ನಂಬಿಕೆ ಯಾರಿಗಿದೆ ಅಂದ್ರೆ, ನಮ್ಮ ಮಾದೇಶಣ್ಣಂಗೆ!"

ನಗು ಪಟ್ಟಿಯ ಈ ತುದಿಯಿಂದ ಆ ತುದಿಗೆ ಓಡಿತು. "ಸಿಕ್ಕಾಕಂಡ್ಯಲ್ಲೋ ಮೆಂಬ್ರೇ!" ಎಂದು ಯಾರೋ ಕೂಗಿದರು. "ಲೇ ಮಾದೇಶ, ನಂಬ್ಕೆ ಇಲ್ದೆ ಗಾಡಿ ಕಟ್ತಿದ್ದ್ಯೇನ್ಲಾ?" ಎಂದವರು ಪುಟ್ಟಮಾದಮ್ಮ. ಮಾದೇಶಣ್ಣ ತಲೆ ಕೆರೆದುಕೊಂಡು ತಾವೂ ನಕ್ಕುಬಿಟ್ಟರು.

ನಗುವ ಜನಕ್ಕೆ ಕೆಲಸ ಹೇಳುವುದು ಸುಲಭ. "ಗಾಲಿಗೆ ಗಿಡ ಸುತ್ತಿಕೊಂಡ್ರೆ ವಿಮಾನ ಮಗುಚುತ್ತೆ, ಒಳಗಿರೋರು ಉಳಿಯಲ್ಲ," ಎಂದೆ. ಈ ಮಾತನ್ನು ಮೊದಲೇ ಹೇಳಬೇಕಿತ್ತು, ಆದರೆ ವಾದ ಗೆಲ್ಲುವ ಚಟ ಅಡ್ಡ ಬಂದಿತ್ತು. "ಪಟ್ಟಿ ಬಿಡಿಸಿ ಕೊಡಿ. ಇಳಿದ ಮೇಲೆ ನಿಮ್ಮ ರಾಶಿ ತೂರೋಕೆ ಗಾಳಿ ನಾನು ಕೊಡಿಸ್ತೀನಿ." ಮಾವನನ್ನು ಕೇಳದೆ ಕೊಟ್ಟ ಮಾತು.

"ಅಯ್ಯೋ, ಒಳ್ಗೆ ಜನ ಅವ್ರಾ!" ಎಂದು ಪುಟ್ಟಮಾದಮ್ಮ ಮೊದಲ ಹೊರೆಯನ್ನು ತಬ್ಬಿ ಎತ್ತಿದರು. ಅಷ್ಟೇ. ಕವೆಗೋಲು, ಕುಂಟೆ, ಟಾರ್ಪಾಲು, ಬರಿಗೈ, ಸಿಕ್ಕಿದ್ದರಲ್ಲಿ ಎಲ್ಲರೂ ಎಳೆದರು. ಕಾಫಿ ಲೋಟ ಬಿಟ್ಟು ವಿಮಾನಪ್ರಿಯರು ಓಡಿಬಂದರು. ಎಂಜಿನ್ ಸದ್ದು ಅನುಕರಿಸುತ್ತಿದ್ದವರು ಈಗ ಬರೇ ಏದುಸಿರು ಬಿಡುತ್ತಿದ್ದರು. ಮಾದೇಶಣ್ಣ ಪಂಚೆ ಎತ್ತಿ ಕಟ್ಟಿ, ತಮ್ಮ ಗಿಡದ ಜೊತೆ ಪಕ್ಕದವರ ಗಿಡವನ್ನೂ ದೊಬ್ಬಿದರು. ತಲೆಯ ಮೇಲೆ ಮೂರು ವಿಮಾನ ಸುತ್ತುತ್ತಿದ್ದವು. ಮಾವ ಪಟ್ಟಿಯ ನಡುವೆ ನಿಂತು, ಕಾಲಲ್ಲಿ ಉಳಿದ ಕಡ್ಡಿಗಳನ್ನು ಒದೆಯುತ್ತ, ರೇಡಿಯೊದಲ್ಲಿ "ಇನ್ನೊಂದ್ ಸುತ್ತು ಮೇಡಂ, ಇನ್ನೊಂದೇ ಸುತ್ತು," ಎಂದು ಬೇಡುತ್ತಿದ್ದರು.

"ಇದೇ ಕೊನೇದು ನಾಗರಾಜ್," ಎಂದಿತು ರೇಡಿಯೊ.

ಮಾವ ಪಟ್ಟಿಯನ್ನು ಎರಡೂ ಕಡೆ ನೋಡಿದರು. ಕೆಂಪಗಿತ್ತು. ಅಂಚಿಗೆ ಸರಿದು ಕೈ ಎತ್ತಿದರು.

ಹಳದಿ ವಿಮಾನ ಹುಣಸೆ ಮರಗಳ ಮೇಲಿಂದ ತಗ್ಗಿ ಬಂತು. ಸದ್ದು ತಗ್ಗಿತು. ನೆಲ ಮುಟ್ಟುವ ಮುನ್ನ ಅದು ತೇಲಿದಂತೆ, ಯೋಚಿಸಿದಂತೆ ಕಂಡಿತು. ನಂತರ ಗಾಲಿಯಿಂದ ಕೆಂಪು ಧೂಳು ಎದ್ದಿತು. ಒಮ್ಮೆ ಪುಟಿದು, ನೆಲ ಕಚ್ಚಿ, ಓಡಿ, ಓಡಿ, ನಿಂತಿತು. "ಉಘೇ ಮಾದಪ್ಪಾ!" ಎಂದು ಬಯಲು ಒಟ್ಟಿಗೆ ಕೂಗಿತು. ನಾನೂ ಕೂಗಿದೆ. ಎರಡನೆಯದು ಇಳಿಯಿತು, ಮೂರನೆಯದು ಇಳಿಯಿತು, ಪ್ರತಿಯೊಂದಕ್ಕೂ ಉಘೇ. ಮಾವ ಮಾತ್ರ ಕೂಗಲಿಲ್ಲ. ಹಳದಿ ವಿಮಾನದ ರೆಕ್ಕೆಗೆ ಕೈ ಒತ್ತಿ ನಿಂತಿದ್ದರು, ಕಣ್ಣು ಒರೆಸಿಕೊಳ್ಳದೆ.

ಕ್ಯಾಪ್ಟನ್ ಲೀಲಾ ಚರ್ಮದ ಟೋಪಿ ತೆಗೆದು ಇಳಿದರು. ಬಿಳಿ ಕೂದಲು, ಹಿಡಿಯಷ್ಟು ಜಡೆ. ಪುಟ್ಟಮಾದಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇ ಓಡ್ಸ್ಕಂಡ್ ಬಂದ್ಯಾ ತಾಯಿ?"

"ಹೂಂ, ನಾನೇ."

"ಯಜಮಾನ್ರು ಇಂದೆ ಕೂತಿದ್ರಾ?"

"ಅವ್ರಿಗೆ ತಲೆ ಸುತ್ತುತ್ತೆ. ಮನೇಲಿದ್ದಾರೆ."

"ಅಂಗೇ ಆಗ್ಬೇಕು," ಎಂದು ಪುಟ್ಟಮಾದಮ್ಮ ಅವರ ಕೈ ಹಿಡಿದು ನೇರ ತಮ್ಮ ರಾಶಿಯ ಕಡೆ ಎಳೆದೊಯ್ದರು. "ಬಾ, ಈ ಮಗ ಗಾಳಿ ಕೊಡುಸ್ತೀನಿ ಅಂದದೆ."

ಮಾವ ನನ್ನನ್ನು ನೋಡಿದರು. ಕೊಟ್ಟ ಮಾತನ್ನು ವಿವರಿಸಿದೆ. ಬೈಯುತ್ತಾರೆಂದುಕೊಂಡೆ. ಅವರು ಲೀಲಾ ಅವರನ್ನು ನೋಡಿದರು, ಲೀಲಾ ರಾಶಿಯನ್ನು ನೋಡಿದರು, ಇಬ್ಬರೂ ಏಕಕಾಲಕ್ಕೆ ನಕ್ಕರು.

ಊಟಕ್ಕೆ ಮುಂಚಿನ ಆ ಒಂದು ಗಂಟೆಯನ್ನು ನಾನು ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ. ವಿಮಾನದ ಬಾಲವನ್ನು ಹುಣಸೆ ಮರಕ್ಕೆ ಹಗ್ಗದಲ್ಲಿ ಬಿಗಿದರು. ಗಾಲಿಗಳಿಗೆ ಕಲ್ಲು ಕೊಟ್ಟರು. ಮುಂದೆ ಯಾರೂ ಹೋಗದಂತೆ ಮಾವ ಹಗ್ಗ ಕಟ್ಟಿ, ಅಲ್ಲಿ ಕಾವಲಿಗೆ ಮಾದೇಶಣ್ಣನನ್ನು ನಿಲ್ಲಿಸಿದರು. ಎಂಜಿನ್ ಮೆಲ್ಲಗೆ ಓಡಿತು. ಬಾಲದ ಹಿಂದೆ, ಮರದ ಆಚೆ, ಹದವಾದ ಗಾಳಿ ಬೀಸತೊಡಗಿತು. ಆಗಲೇ ಒಕ್ಕಿ ಇಟ್ಟಿದ್ದ ಹುರುಳಿಯನ್ನು ಹೆಂಗಸರು ಮೊರದಲ್ಲಿ ತುಂಬಿ ತಲೆಯೆತ್ತರಕ್ಕೆ ಹಿಡಿದು ಸುರಿದರು. ಹೊಟ್ಟು ಹೊಗೆಯಂತೆ ಹಾರಿ ದೂರ ಬಿತ್ತು, ಕಾಳು ಕಾಲ ಬಳಿ ಸುರಿಯಿತು.

"ಇನ್ನೊಸಿ ಜೋರು!" ಎಂದು ಪುಟ್ಟಮಾದಮ್ಮ ಕೂಗಿದರು.

"ಇಷ್ಟೇ ಸಾಕು ಕಣಕ್ಕ, ಕಾಳೂ ಓಯ್ತದೆ!" ಎಂದು ಮಾವ ತಿರುಗಿ ಕೂಗಿದರು.

ಉಳಿದ ಇಬ್ಬರು ಪೈಲಟ್‌ಗಳೂ ಮೊರ ಹಿಡಿದರು. ಒಬ್ಬರು ಗಾಳಿಗೆ ಎದುರಾಗಿ ನಿಂತು ಸುರಿದು, ಹೊಟ್ಟನ್ನೆಲ್ಲ ಮುಖಕ್ಕೆ ಹಾಕಿಕೊಂಡು ಇಡೀ ಊರನ್ನು ನಗಿಸಿದರು. ಒಕ್ಕಬೇಕಿದ್ದ ಗಿಡಗಳ ಮೇಲೆ ವಿಮಾನಪ್ರಿಯರ ಜೀಪೊಂದು ಗುಂಡಗೆ ಸುತ್ತಿತು. ಊಟಕ್ಕೆ ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಮಜ್ಜಿಗೆ. ಲೀಲಾ ಅವರು ಸಾರನ್ನು ಮೂರು ಸಲ ಹಾಕಿಸಿಕೊಂಡರು. ಅಷ್ಟು ದೂರ ಹಾರಿ ಬಂದು ಮುದ್ದೆ ತಿನ್ನುವ ಹುಚ್ಚು ಯಾರಿಗಿದೆ ಎಂಬ ನನ್ನ ಪ್ರಶ್ನೆಗೆ ಅವರೇ ಉತ್ತರವಾಗಿ ಎದುರು ಕುಳಿತಿದ್ದರು. ಪ್ರಶ್ನೆಯನ್ನು ಹಿಂದಕ್ಕೆ ಪಡೆದೆ.

ಊಟವಾದ ಮೇಲೆ ಮಾದೇಶಣ್ಣ ಎದ್ದು ನಿಂತರು. ಮಾವ ಎಲೆಯ ಮುಂದೆಯೇ ಕೈ ಕಟ್ಟಿ ಕುಳಿತಿದ್ದರು.

"ಮಾತು ಅಂದ್ರೆ ಮಾತು. ಇಮಾನ ಇಳೀತು. ಬಯ್ಲು ಇಮಾನದ್ದೇ," ಎಂದರು ಮಾದೇಶಣ್ಣ. "ಸೋಲಾರ್‌ನೋರ್ಗೆ ಕೆರೆ ಇಂದಿನ್ ಬರಡು ತೋರುಸ್ತೀನಿ. ಆದ್ರೆ ಒಂದ್ ಇಸ್ಯ ನಾಗಣ್ಣ. ಮುಂದಿನ್ ವರ್ಸ ಒಸಿ ಮುಂಚೆ ಕರ್ಸು. ನಂದು ರಾಗಿ ಐತೆ."

"ಪಟ್ಟಿ ಮೇಲೆ ಒಂದ್ ತೆನೆ ಹಾಕಿದ್ರೆ ನಿನ್ನ ಕಟ್ಟಾಕ್ತೀನಿ," ಎಂದರು ಮಾವ.

"ಪಟ್ಟಿ ಮೇಲ್ ಯಾಕಾಕ್ಲಿ? ನಂಗ್ ಗೊತ್ತಿಲ್ವಾ? ಬಾಲದ್ ಇಂದೆ ಆಕ್ತೀನಿ!"

ಸಂಜೆಗೆ ಮುನ್ನ ವಿಮಾನಗಳು ಹೊರಡಬೇಕಿತ್ತು. ಲೀಲಾ ಅವರು ತಮ್ಮ ಮುಂದಿನ ಖಾಲಿ ಸೀಟನ್ನು ತೋರಿಸಿ, "ಮೈಸೂರಿಗೆ ಬರ್ತೀಯಾ, ವಕೀಲ್ರೇ?" ಎಂದರು. ಬಸ್ಸಿಗಿಂತ ಇದು ಸುರಕ್ಷಿತವೇ ಎಂದು ಕೇಳಿದೆ. "ಕೊಳ್ಳೇಗಾಲದ ರಸ್ತೇಲಿ ಬಂದವಳು ನೀನು, ನೀನೇ ಹೇಳು," ಎಂದರು. ಹತ್ತಿದೆ. ಮಾವ ನನ್ನ ಬೆಲ್ಟನ್ನು ಎರಡು ಸಲ ಎಳೆದು ನೋಡಿ, ಭುಜ ತಟ್ಟಿ ಇಳಿದರು.

ಓಡಿದೆವು. ಕೆಂಪು ಮಣ್ಣು ಕೆಳಗೆ ಜಾರಿತು. ಗಾಳಿ ಮುಖಕ್ಕೆ ಬಡಿದು ನನ್ನ ಬಾಯಿ ಮುಚ್ಚಿಸಿತು, ಆ ಕೆಲಸ ಅಲ್ಲಿಯವರೆಗೆ ಯಾರಿಂದಲೂ ಆಗಿರಲಿಲ್ಲ. ತಿರುಗುವಾಗ ಒಂದು ರೆಕ್ಕೆ ತಗ್ಗಿತು, ಇಡೀ ಬಂಡಳ್ಳಿ ಬಯಲು ಅದರ ಕೆಳಗೆ ಬಂತು. ಪಕ್ಕದಲ್ಲಿ ತೂರಿದ ಹುರುಳಿಯ ರಾಶಿಗಳು, ಕೈ ಬೀಸುವ ಸಣ್ಣ ಸಣ್ಣ ಜನ, ಪಟ್ಟಿಯ ಅಂಚಿನಲ್ಲಿ ಕದಲದೆ ನಿಂತ ಮಾವ. ಎಲ್ಲಿಂದಲೋ ಎಮ್ಮೆಯೊಂದು ಪಟ್ಟಿಯ ನಡುವಿಗೆ ನುಗ್ಗಿತ್ತು. ಪಂಚೆ ಎತ್ತಿ ಕಟ್ಟಿ, ಕೋಲು ಬೀಸುತ್ತ, ಮಾದೇಶಣ್ಣ ಅದನ್ನು ಆಚೆಗೆ ಅಟ್ಟುತ್ತಿದ್ದರು.